ಅಜ್ಜಿಗೆ ಕೇಳಿಸಿದ್ದು ‘ಹಾಕು’

ರೂವಿಯಲ್ಲಿ ನಮ್ಮ ಪರಿಚಯದ ಒಂದು ಮನೆಯಿದೆ. ಊರಿನಿಂದ ಅಜ್ಜಿ ಬಂದಿದ್ದಾರೆ. ಊಟಕ್ಕೆ ಕೂತಾಗ ಮೊಮ್ಮಗ “ಸಾಕು ಅಜ್ಜಿ” ಅಂದರೆ ಅಜ್ಜಿ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದರು. ಅವರಿಗೆ ಕೇಳಿಸಿದ್ದು “ಹಾಕು”! ಎಲ್ಲರೂ ನಗುತ್ತಿದ್ದರು. ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ಬಲಗಿವಿಗೆ ಮಾತು ಗುರುತಿಸುವ ಅಂಕ ಶೇಕಡಾ 36 ಅಂತಿತ್ತು. “ಆಂಟಿ, ಅಜ್ಜಿಗೆ ಮರೆವಿನ ಕಾಯಿಲೆ ಶುರುವಾಯಿತಾ?” ಎಂದು ಹುಡುಗ ಗಾಬರಿಯಿಂದ ಫೋನ್ ಮಾಡಿದ.

ನಾನು ಡಾಕ್ಟರಲ್ಲ, ಕನ್ನಡ ಎಂ.ಎ. ಓದಿದವಳು. ಆದರೆ ಆ ಕಾಗದವನ್ನು ಅರ್ಥಮಾಡಿಕೊಳ್ಳಲು ಸ್ವಲ್ಪ ಕನ್ನಡವೂ ಬೇಕಾಯಿತು.

ಮೊದಲು ಗ್ರಾಫ್ ನೋಡಿ. ಅದನ್ನು ಆಡಿಯೋಗ್ರಾಮ್ ಅನ್ನುತ್ತಾರೆ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್: ಹಾರ್ಮೋನಿಯಂ ಮನೆಗಳ ಹಾಗೆ, ಎಡಕ್ಕೆ ದಪ್ಪ ದನಿ, ಬಲಕ್ಕೆ ಕೀಚಲು ದನಿ. ಮೇಲಿನಿಂದ ಕೆಳಕ್ಕೆ ಡೆಸಿಬೆಲ್, ಅಂದರೆ ಎಷ್ಟು ಜೋರಾದರೆ ಕೇಳಿಸುತ್ತದೆ ಎನ್ನುವುದು. ಗುರುತು ಕೆಳಗೆ ಇಳಿದಷ್ಟೂ ಕೇಳುವುದು ಕಡಿಮೆ. ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಎಡಗಿವಿ. 40 ಡೆಸಿಬೆಲ್ ಎಂದರೆ ಶೇಕಡಾ 40 ಕಿವುಡು ಅಲ್ಲ. ಈ ತಪ್ಪನ್ನು ದೊಡ್ಡವರೂ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸರಾಸರಿ 20ರ ಒಳಗಿದ್ದರೆ ಸರಿ, 20ರಿಂದ 35 ಅಲ್ಪ ದೋಷ, 35ರಿಂದ 50 ಮಧ್ಯಮ.

ಬಾಣದಂಥ ಇನ್ನೊಂದು ಗುರುತು ಇರುತ್ತದೆ. ಕಿವಿಯ ಹಿಂದಿನ ಮೂಳೆಗೆ ಕಂಪನ ಕೊಟ್ಟು ನೋಡಿದ ಫಲಿತಾಂಶ ಅದು. ಮೂಳೆಯಿಂದ ಚೆನ್ನಾಗಿ ಕೇಳಿಸಿ ಗಾಳಿಯಿಂದ ಕೇಳಿಸದಿದ್ದರೆ ತಡೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ ಎಂದರ್ಥ. ಗುಗ್ಗೆ, ನೀರು, ತಮಟೆಯಲ್ಲಿ ತೂತು, ಹೀಗೆ ಏನಾದರೂ ಇರಬಹುದು; ಎಷ್ಟೋ ಸಲ ಚಿಕಿತ್ಸೆಯಿಂದ ಸರಿಹೋಗುತ್ತದೆ. ಅಜ್ಜಿಗೆ ಎರಡೂ ಜೊತೆಗೇ ಇಳಿದಿದ್ದವು. ಒಳಗಿವಿಯ ಸವೆತ. ಎಡಗಡೆ 25ರಲ್ಲಿದ್ದ ಗೆರೆ 4000 ಹರ್ಟ್ಸ್ ಹತ್ತಿರ 65ಕ್ಕೆ ಜಾರಿತ್ತು.

‘ಸಾಕು’ ಹಾಳಾದದ್ದು ಅಲ್ಲೇ. ಆ, ಉ ಮುಂತಾದ ಸ್ವರಗಳ ಬಲವೆಲ್ಲ ಗ್ರಾಫಿನ ಎಡಭಾಗದಲ್ಲಿ. ‘ಸ’ ಬರೀ ಸುಯ್ ಎನ್ನುವ ಸದ್ದು, ತೆಳು, ಬಲತುದಿಯದು. ಅಜ್ಜಿಗೆ ‘ಆಕು’ ತಲುಪುತ್ತಿತ್ತು, ಮುಂದಿನ ವ್ಯಂಜನವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತಿತ್ತು. ಬಡಿಸುವ ಕೈಗೆ ‘ಹಾಕು’ ಅಲ್ಲದೆ ಇನ್ನೇನು ಹೊಳೆದೀತು? ಕಿರುಚಿದರೆ ಆ ‘ಆ’ ಮಾತ್ರ ದೊಡ್ಡದಾಗುತ್ತದೆ. ಎದುರು ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಬೇಕು.

ಇನ್ನು ಆ 36. ಈ ಪರೀಕ್ಷೆಯಲ್ಲಿ ಪದಗಳನ್ನು ಕೇಳಿಸಿ, ಕೇಳಿದ್ದನ್ನು ತಿರುಗಿ ಹೇಳಿ ಅನ್ನುತ್ತಾರೆ. “ಯಾವ ಪದ ಕೇಳಿಸಿದರು, ಅಜ್ಜಿಯನ್ನೇ ಕೇಳು” ಅಂದೆ. ಎಲ್ಲವೂ ಇಂಗ್ಲಿಷ್ ಪದಗಳು! ಬಸ್ಸು, ಟಿಕೇಟು ಬಿಟ್ಟರೆ ಅಜ್ಜಿಗೆ ಇಂಗ್ಲಿಷ್ ಬಾರದು. ಬೀಪ್ ಸದ್ದಿಗೆ ಭಾಷೆಯಿಲ್ಲ, ಆದ್ದರಿಂದ ಗ್ರಾಫನ್ನು ನಂಬಬಹುದು. ಈ ಅಂಕವನ್ನು ಹಾಗೆ ನಂಬಲಾಗದು. ಪರೀಕ್ಷೆ ಮಾಡಿದವರಿಗೆ ಕನ್ನಡ ಬರುತ್ತಿರಲಿಲ್ಲ. ಮಸ್ಕತ್ತಿನಲ್ಲಿ ಅದೇನೂ ಅಪರೂಪವಲ್ಲ. ಆದರೆ ಯಾವ ಭಾಷೆಯಲ್ಲಿ ಪರೀಕ್ಷೆ ಆಯಿತೆಂದು ಮನೆಯವರೂ ಕೇಳಿರಲಿಲ್ಲ. ಮೊಮ್ಮಕ್ಕಳಾದ ನಿಮಗೆ ಎರಡೂ ಭಾಷೆ ಬರುತ್ತದೆ. ನೀವು ಜೊತೆಗೆ ಹೋಗಿ, ಕೇಳಿ, ರಿಪೋರ್ಟಿನ ಮೇಲೆ ಬರೆಸಿಕೊಂಡು ಬನ್ನಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡದ ಧ್ವನಿಗಳನ್ನು ಲೆಕ್ಕಹಾಕಿ ಜೋಡಿಸಿದ ಪದಪಟ್ಟಿ ಅಲ್ಲಿ 2005ರಲ್ಲೇ ತಯಾರಾಗಿದೆ. ಕನ್ನಡದಲ್ಲೂ ಅಂಕ ಕಡಿಮೆ ಬಂದರೆ ಅದು ಬೇರೆ ಮಾತು. ಶ್ರವಣಯಂತ್ರ ಸದ್ದನ್ನು ಹೆಚ್ಚಿಸುತ್ತದೆ, ಸ್ಪಷ್ಟತೆಯನ್ನು ಎಷ್ಟು ಕೊಡುತ್ತದೆ ಎಂದು ಆಗ ಡಾಕ್ಟರನ್ನೇ ಕೇಳಬೇಕು.

ಅಂದಹಾಗೆ, ಇಯರ್‌ಫೋನ್ ಮಂದಿಯೇ, ಗದ್ದಲದಿಂದ ಕೆಡುವ ಕಿವಿಯ ಗ್ರಾಫಿನಲ್ಲೂ ಮೊದಲ ಹಳ್ಳ ಬೀಳುವುದು ಸಾಮಾನ್ಯವಾಗಿ ಆ 4000ದ ಆಸುಪಾಸಿನಲ್ಲೇ. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾಕು ಅಂದೆ, ಹಾಕು ಅಲ್ಲ.

ಅಜ್ಜಿ ಮುಂದಿನ ತಿಂಗಳು ಊರಿಗೆ ಹೊರಟಿದ್ದಾರೆ, ಮೈಸೂರಿನಲ್ಲಿ ಕನ್ನಡದಲ್ಲೇ ಪರೀಕ್ಷೆ. ಅಲ್ಲಿಯವರೆಗೆ ಮೊಮ್ಮಗ ಸಾಕು ಅನ್ನುವಾಗ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಾನೆ.