ಹಿತ್ತಲ ಅಟ್ಟಣೆಗೆ ಗಟ್ಟಿ ಚೌಕಟ್ಟು

ಹಿತ್ತಲಲ್ಲಿ ಒಂದು ಮರದ ಅಟ್ಟಣೆ ಇದ್ದರೆ ಎಷ್ಟೊಂದು ಅನುಕೂಲ! ಬಿತ್ತನೆ ಕಾಳು, ಮೆಣಸಿನಕಾಯಿ, ಸಂಡಿಗೆ ಹರಡಬಹುದು. ಸಂಜೆ ನಾಲ್ಕು ಜನ ಕೂತು ಮಾತಾಡಬಹುದು. ಮೇಲಿನ ಹಲಗೆಯನ್ನು ಎಲ್ಲರೂ ನೋಡುತ್ತಾರೆ, ಕೆಳಗಿನ ಚೌಕಟ್ಟನ್ನು ಯಾರೂ ಕೇಳುವುದಿಲ್ಲ. ಹಬ್ಬದ ದಿನ ನೆಂಟರು ಹತ್ತು ಮಂದಿ ಹತ್ತಿ ಕುಳಿತರೆಂದರೆ 500–600 ಕಿಲೋ ಭಾರ ಬಿತ್ತು. ಅದೇ ಹೊತ್ತಿಗೆ ಅಡಿಯಲ್ಲಿ ಮಕ್ಕಳು ನುಸುಳಿ ಆಡುತ್ತಿರುತ್ತವೆ. ಆದ್ದರಿಂದ ಇವತ್ತು ಚೌಕಟ್ಟಿನ ಮಾತನ್ನೇ ಆಡೋಣ.

8 ಅಡಿ ಉದ್ದ, 6 ಅಡಿ ಅಗಲ ಒಂದು ಸಂಸಾರಕ್ಕೆ ಸಾಕು. ಈ ಅಳತೆಯಲ್ಲಿ ಇನ್ನೊಂದು ಲಾಭವುಂಟು. ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದರೆ ಸರಿಯಾಗಿ 10 ಅಡಿ ಬರಬೇಕು. ಎರಡೂ ಕಡೆ 10 ಅಡಿ ಬಂತೋ, ಮೂಲೆಗಳು ನೇರವಾಗಿವೆ ಎಂದು ತಿಳಿಯಿರಿ. ಗುಂಡಿ ತೋಡುವ ಮುಂಚೆಯೇ ಗೂಟ ಹೊಡೆದು ಇದನ್ನು ನೋಡಿಕೊಳ್ಳಿ.

ಕಂಬ ಆರು ಬೇಕು, ಉದ್ದದ ಒಂದೊಂದು ಬದಿಗೆ ಮೂರು. ಮರದ ಕಂಬ ಹೂಳುವವರು ಒಂದು ಸಂಗತಿ ಗಮನಿಸಿರಬಹುದು: ಅದು ಆಳದಲ್ಲಿ ಅಷ್ಟು ಬೇಗ ಕೊಳೆಯುವುದಿಲ್ಲ, ನೆಲದ ಮಟ್ಟದಲ್ಲೇ ಕೊಳೆಯುತ್ತೆ. ತೇವವೂ ಗಾಳಿಯೂ ಕೂಡುವ ಜಾಗ ಅದು. ನಮ್ಮ ಹಿರಿಯರು ತೊಟ್ಟಿ ಮನೆಯ ಕಂಬವನ್ನು ಸುಮ್ಮನೆ ಕಲ್ಲಿನ ಮೇಲೆ ನಿಲ್ಲಿಸಲಿಲ್ಲ! ಕಲ್ಲು ಕಂಬ ಸಿಗುವ ಸೀಮೆಯವರು 5 ಅಡಿಯ ಕಂಬ ತಂದು ಎರಡೂವರೆ ಅಡಿ ಹೂಳಿ, ಸುತ್ತ ಗರಸು ತುಂಬಿ, ಸ್ವಲ್ಪ ಸ್ವಲ್ಪವಾಗಿ ಗುದ್ದಿ ಗಟ್ಟಿಮಾಡಿ. ಎರೆ ಭೂಮಿಯವರಿಗೆ ಇಷ್ಟು ಆಳ ಸಾಲದು. ಆ ಮಣ್ಣು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬಿ ಕಂಬವನ್ನೇ ಅಲುಗಾಡಿಸುತ್ತೆ. ಅವರು ಇನ್ನೂ ಒಂದಡಿ ಆಳಕ್ಕೆ ಹೋಗಲಿ. ಅದಕ್ಕೆ ತಕ್ಕಂತೆ ಕಂಬವೂ ಉದ್ದವಿರಲಿ.

ಕಂಬದ ತಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದ ಮೇಲೆ, 3 ಅಂಗುಲ ಅಗಲ, 4 ಅಂಗುಲ ಎತ್ತರದ ತೊಲೆಯನ್ನು ತಲೆಯ ಮೇಲೆಯೇ ಕೂರಿಸಿ, ದಪ್ಪ ತಂತಿಯಿಂದ ಬಿಗಿಯಿರಿ. ಕಂಬದ ಪಕ್ಕಕ್ಕೆ ಮೊಳೆ ಹೊಡೆದು ತೂಗುಹಾಕಬೇಡಿ. ಹಾಗೆ ಮಾಡಿದರೆ ಭಾರವೆಲ್ಲ ಮೊಳೆಯ ಮೇಲೆ. ಮೊಳೆ ತುಕ್ಕು ಹಿಡಿದದ್ದು ಹೊರಗೆ ಕಾಣುವುದೇ ಇಲ್ಲ.

ತೊಲೆಯ ಮೇಲೆ ಅಡ್ಡಲಾಗಿ 16 ಅಂಗುಲಕ್ಕೊಂದರಂತೆ ಏಳು ಜಂತೆ. 2 ಅಂಗುಲಕ್ಕೆ 4 ಅಂಗುಲದ ಜಂತೆಯನ್ನು ಮಲಗಿಸಬೇಡಿ, ಏಣು ಮೇಲಾಗಿ ನಿಲ್ಲಿಸಿ. ಮಗುವಿನ ಅಡಿಪಟ್ಟಿ ತೆಗೆದುಕೊಂಡು ಮಲಗಿಸಿ ಬಗ್ಗಿಸಿ ನೋಡಿ, ಆಮೇಲೆ ಏಣಾಗಿ ಹಿಡಿದು ಬಗ್ಗಿಸಿ, ಗೊತ್ತಾಗುತ್ತೆ. ಅದೇ ಮರ, ಅದೇ ದುಡ್ಡು, ನಿಲ್ಲಿಸಿದರೆ ಎರಡರಷ್ಟು ಭಾರ ಹೊರುತ್ತೆ, ಬಗ್ಗುವುದು ನಾಲ್ಕರಲ್ಲಿ ಒಂದು ಪಾಲು.

ಕಲ್ಲು ಸಿಗದೆ ಮರದ ಕಂಬವನ್ನೇ ಕಲ್ಲಿನ ಮೇಲೆ ನಿಲ್ಲಿಸುವವರು ಮೂಲೆಮೂಲೆಗೆ ಓರೆಯಾಗಿ ಆಸರೆ ಕೊಡಲೇಬೇಕು. ನಾಲ್ಕು ಕಡ್ಡಿ ಕಟ್ಟಿದ ಚೌಕ ಕೈಯಲ್ಲಿ ವಾಲಾಡುತ್ತೆ. ಅದಕ್ಕೆ ಓರೆಯಾಗಿ ಐದನೆಯದು ಕಟ್ಟಿದರೆ ಅಲುಗುವುದಿಲ್ಲ.

ಮರ ಯಾವುದು? ಕರಿಜಾಲಿ, ಹಲಸು, ಮತ್ತಿ, ಹೊನ್ನೆ, ಯಾವುದಾದರೂ ಚೇಗಿನ ಭಾಗ ಇರಲಿ. ಹೊರಗಿನ ಬಿಳಿ ಭಾಗ ಗೆದ್ದಲಿಗೆ ಹಬ್ಬ. ಸ್ವಂತ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯ ಅಪ್ಪಣೆ ಬೇಕೇ ಎಂದು ವಿಚಾರಿಸಿ. ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿ ಕೆಲವರಿಗಿದೆ; ತಿನ್ನುವ ಕಾಳು ಹರಡುವ ಕಡೆ ಅದು ಬೇಡವೇ ಬೇಡ.

ಹಲಗೆಗಳ ನಡುವೆ ಅರ್ಧ ಬೆರಳಿನ ಸಂದು ಬಿಡಿ, ಮಳೆನೀರು ಇಳಿದುಹೋಗಲಿ. ತಿಂಗಳಿಗೊಮ್ಮೆ ಬಗ್ಗಿ ಕಂಬದ ಮೇಲೆ ಗೆದ್ದಲಿನ ಮಣ್ಣಿನ ದಾರಿ ಹತ್ತಿದೆಯೇ ನೋಡಿ. ಕಲ್ಲಿನ ಮೇಲಾದರೆ ಅದು ಎದ್ದು ಕಾಣುತ್ತೆ. ಕಂಡ ಕೂಡಲೇ ಪೊರಕೆಯಿಂದ ಕೆರೆದುಹಾಕಿ, ತಂತಿ ಸಡಿಲಾಗಿದ್ದರೆ ಆಗಲೇ ಒಂದು ಸುತ್ತು ಬಿಗಿಯಿರಿ.