ಸೋತವರು ಯಾರು?

(ತಿಪಟೂರಿನ ಶರಣ ಚಿಂತನೆಯಲ್ಲಿ ಆಡಿದ ಮಾತು)

ಒಂದು ತಪ್ಪೊಪ್ಪಿಗೆಯಿಂದ ಮಾತು ಶುರು ಮಾಡುತ್ತೇನೆ. ತುರುವೇಕೆರೆ ಕಡೆ ಕೊಟ್ಟಿದ್ದ ನನ್ನ ಅಕ್ಕ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ಶಿವಗಣಾರಾಧನೆಯ ಆಹ್ವಾನ ಪತ್ರಿಕೆ ಬರೆದವನು ನಾನು. ‘ಕ್ಯಾನ್ಸರ್ ವಿರುದ್ಧ ಧೀರವಾಗಿ ಹೋರಾಡಿ, ಕೊನೆಗೆ ಸೋತು ಲಿಂಗೈಕ್ಯರಾದರು’ ಎಂದು ಬರೆದೆ. ಪತ್ರಿಕೆಗಳಲ್ಲಿ ಓದಿ ರೂಢಿಯಾದ ವಾಕ್ಯ. ಅಕ್ಕನ ಮಗಳು ಅದನ್ನು ಓದಿ, ‘ಮಾವ, ಅವ್ವ ಇನ್ನಷ್ಟು ಗಟ್ಟಿ ಮನಸ್ಸು ಮಾಡಿದ್ದರೆ ಉಳೀತಿದ್ದಳಾ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದರು. ‘ಕ್ಯಾನ್ಸರ್ ಮೇಲೆ ಯುದ್ಧ’ ಎಂಬ ಮಾತು ಎಲ್ಲೆಡೆ ಹಬ್ಬಿತು. ಸ್ವತಃ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಲೇಖಕಿ ಸೂಸನ್ ಸೊಂಟಾಗ್, ಇಂಥ ರೂಪಕಗಳು ರೋಗಿಯ ಮೇಲೆ ನಾಚಿಕೆ ಹೇರುತ್ತವೆಂದು 1978ರ ಪುಸ್ತಕವೊಂದರಲ್ಲಿ ವಾದಿಸಿದರು. ಯುದ್ಧವೆಂದ ಮೇಲೆ ಗೆದ್ದವನು ವೀರ. ಸತ್ತವನು ಸೋತವನೇ ತಾನೆ?

ತೆಂಗಿನ ಸೀಮೆಯವರಿಗೆ ಇದು ಬೇಗ ತಿಳಿಯಬೇಕು. ಮರಕ್ಕೆ ಕಾಂಡ ಸೋರುವ ರೋಗ ಬಂದರೆ ‘ಈ ಮರಕ್ಕೆ ಛಲವಿಲ್ಲ’ ಎನ್ನುತ್ತೇವೆಯೇ? ‘ಹೋದ ಜನ್ಮದ ಕರ್ಮ’ ಎನ್ನುತ್ತೇವೆಯೇ? ಶಿಲೀಂಧ್ರದಿಂದ ಬಂದದ್ದೆಂದು ತಿಳಿದು, ಕೆಂಗಂದು ರಸ ಸೋರುವಲ್ಲಿ ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ, ಬೋರ್ಡೋ ಮುಲಾಮು ಹಚ್ಚಿ, ಬುಡಕ್ಕೆ ಐದು ಕೆಜಿ ಬೇವಿನ ಹಿಂಡಿ ಹಾಕುತ್ತೇವೆ. ಮರ ಉಳಿಯದಿದ್ದರೂ ಅದನ್ನು ಹಳಿಯುವುದಿಲ್ಲ. ಮರಕ್ಕೆ ಸಲ್ಲಿಸುವ ನ್ಯಾಯ ಮನುಷ್ಯರಿಗೆ ಬೇಡವೇ?

ಸುಧಾರಕರಾದ ನಾವೂ ಹೊರತಲ್ಲ. ‘ಜಾತಿಯೆಂಬ ಕ್ಯಾನ್ಸರ್’, ‘ಮೌಢ್ಯದ ಕುಷ್ಠ’ ಎಂದು ವೇದಿಕೆಯಲ್ಲಿ ಗುಡುಗುತ್ತೇವೆ. ಕೀಮೋ ಮುಗಿಸಿ, ತಲೆಗೆ ಸೆರಗು ಹೊದ್ದು ಕೊನೆಯ ಸಾಲಿನಲ್ಲಿ ಕುಳಿತ ತಾಯಿಗೆ ಅದು ಹೇಗೆ ಕೇಳಿಸೀತು? ಕುಷ್ಠ ಔಷಧಿಯಿಂದ ವಾಸಿಯಾಗುವ ಕಾಯಿಲೆ. ಅದನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನೇ 2019ರಲ್ಲಿ ತಿದ್ದುಪಡಿಯಾಯಿತು. ನಮ್ಮ ಭಾಷಣ ಮಾತ್ರ ತಿದ್ದಿಕೊಂಡಿಲ್ಲ.

ವೈದ್ಯ ಸಂಗಣ್ಣನವರೂ ತಮ್ಮ ವಚನಗಳಲ್ಲಿ ರೋಗದ ಮಾತು ಬಳಸಿದರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಭವರೋಗ ಎಲ್ಲರದು, ಹೇಳುವವನಿಗೂ ಇರುವಂಥದು. ‘ಸಮಾಜದ ಕ್ಯಾನ್ಸರ್’ ಎಂದಾಗ ನಾವು ತೋರಿಸುವ ಬೆರಳು ಬೇರೆಯವರತ್ತ.

ಅಕ್ಕ ಎದೆಯ ಗಂಟನ್ನು ಎಂಟು ತಿಂಗಳು ಮುಚ್ಚಿಟ್ಟಳು. ನೋವಿರಲಿಲ್ಲ, ಆ ಹೆಸರಿನ ಭಯವಿತ್ತು. ಬೆಂಗಳೂರಿನಲ್ಲಿ 1973ರಿಂದಲೇ ಕಿದ್ವಾಯಿ ಸಂಸ್ಥೆಯಿದೆ. ನೋವಿಲ್ಲದ ಗಂಟನ್ನೂ ತೋರಿಸಬೇಕೆಂದು ಬೇಗ ಹೇಳುವವರು ನಮ್ಮ ಮನೆಯಲ್ಲಿರಲಿಲ್ಲ. ಆದ್ದರಿಂದ ನನ್ನ ಬಿನ್ನಹ ಇಷ್ಟು: ‘ಮಾರಿ’, ‘ಬಲಿ’, ‘ಸೋಲು’ ಬಿಡೋಣ. ಲಕ್ಷಣವೇನು, ಎಲ್ಲಿ ತೋರಿಸಬೇಕು, ಮನೆಯವರು ಹೇಗೆ ಜೊತೆಗಿರಬೇಕು ಎಂಬುದನ್ನು ಬರೆಯೋಣ, ಹೇಳೋಣ.

ಲಿಂಗೈಕ್ಯ ಎಂಬ ಪದದಲ್ಲಿ ಸೋಲಿಲ್ಲ. ಅದರ ಹಿಂದೆ ‘ಸೋತು’ ಎಂದು ಸೇರಿಸಿದವನು ನಾನು. ಅಕ್ಕನ ಮಗಳಿಗೆ ಆಮೇಲೆ ಹೇಳಿದೆ: ‘ನಿನ್ನ ಅವ್ವನಿಗೆ ಕಾಯಿಲೆ ಬಂತು, ಔಷಧಿ ತೆಗೆದುಕೊಂಡಳು, ಲಿಂಗೈಕ್ಯಳಾದಳು.’ ಅಷ್ಟೇ ಬರೆಯಬೇಕಿತ್ತು.