ಸಮ್ಮೋಹನದಿಂದ ಕುಡಿತ ಬಿಡಿಸಬಹುದೆ?

(ರೈತ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆ, ಬಡ್ಡಿ, ಜಪ್ತಿ ಮಾತು ಬಿಟ್ಟು ಇವನೇನು ಹಿಪ್ನಾಟಿಸಂ ಪುರಾಣ ತೆಗೆದ ಅಂತ ನಿಮಗೆ ಅನ್ನಿಸಬಹುದು. ಇದೂ ಸಾಲದ ಮಾತೇ. "ಒಂದೇ ಸಲ ಕೂತು ಎದ್ದರೆ ಸಾಕು, ಕುಡಿತ, ಬೀಡಿ, ಗುಟ್ಕಾ ಎಲ್ಲಾ ಬಿಟ್ಟು ಹೋಗುತ್ತೆ, ಗ್ಯಾರಂಟಿ" ಎಂಬ ಜಾಹೀರಾತು ಇವತ್ತು ಪೇಟೆಯ ಗೋಡೆಯ ಮೇಲೂ ಇದೆ, ಮೊಬೈಲಿನೊಳಗೂ ಇದೆ. ಅದನ್ನು ನಂಬಿ ಹೋಗುವ ನಮ್ಮ ಜನ ಇದ್ದ ದುಡ್ಡಿನಲ್ಲಿ ಹೋಗುವುದಿಲ್ಲ. ಕೈಸಾಲ ಮಾಡಿ ಹೋಗುತ್ತಾರೆ, ಓಲೆ ಗಿರವಿ ಇಟ್ಟು ಹೋಗುತ್ತಾರೆ.

ನಮ್ಮ ಪಕ್ಕದೂರಿನ ಹೆಣ್ಣುಮಗಳೊಬ್ಬಳು ಸಂಘಕ್ಕೆ ಬಂದು ಹೇಳಿದ್ದು ಕೇಳಿ: "ಅಣ್ಣಾ, ನಮ್ಮನೆಯವರನ್ನ ಮಂಪರು ಬರಿಸಿ ಎಣ್ಣೆ ಬಿಡುಸ್ತೀವಿ ಅಂತ ಹದಿನೈದು ಸಾವಿರ ಈಸ್ಕೊಂಡ್ರು. ಒಂಬತ್ತು ದಿನ ಚೆನ್ನಾಗಿದ್ರು. ಹತ್ತನೇ ದಿನ ಟೊಮೆಟೊ ಮಾರ್ಕೊಂಡು ಬಂದೋರು ಅಂಗಡಿ ಮುಂದೆನೇ ಇಳುದ್ರು. ಈಗ ಇನ್ನೊಂದು ಸಲ ಕೂರ್ಬೇಕು ಅಂತಾವ್ರೆ, ಇನ್ನೆಲ್ಲಿಂದ ತರ್ಲಿ?" ಆ ಹದಿನೈದು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 450, ವರ್ಷಕ್ಕೆ 5,400 ರೂಪಾಯಿ. ಅಸಲು ಹಾಗೇ ಇರುತ್ತೆ, ಕುಡಿತವೂ ಹಾಗೇ ಇರುತ್ತೆ.

ಅಲ್ಲಿಂದ ನಾನು ಡಾಕ್ಟರುಗಳನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ಹೈಸ್ಕೂಲು ಓದಿದವನಿಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು. ಸಮ್ಮೋಹನ ಅನ್ನುವುದು ಪೂರಾ ಸುಳ್ಳಲ್ಲ. ವಶೀಕರಣವೂ ಅಲ್ಲ, ಮಾಟವೂ ಅಲ್ಲ. ಮನಸ್ಸನ್ನು ಒಂದೇ ಕಡೆ ನಿಲ್ಲಿಸಿ, ಮೈ ಸಡಿಲ ಬಿಟ್ಟು, ಹೇಳುವವನ ಮಾತಿಗೆ ಒಪ್ಪಿಕೊಂಡು ಕೂತಾಗ ಬರುವ ಸ್ಥಿತಿ ಅದು. ಮಲಗಿದಂತೆ ಕಂಡರೂ ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ. ಒಲ್ಲದವನನ್ನು ಎಳೆದು ತಂದು ಕೂರಿಸಿದರೆ ಅದು ನಡೆಯುವುದಿಲ್ಲ. ಆಳವಾಗಿ ಆ ಸ್ಥಿತಿಗೆ ಹೋಗುವವರು ನೂರಕ್ಕೆ ಹತ್ತು-ಹದಿನೈದು ಮಂದಿ, ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಏನೂ ಆಗುವುದಿಲ್ಲ, ಉಳಿದವರು ನಡುವೆ. ಹೀಗಿರುವಾಗ ಬಂದವರಿಗೆಲ್ಲ ಗ್ಯಾರಂಟಿ ಕೊಡುವವನು ಯಾವ ಲೆಕ್ಕದ ಮೇಲೆ ಕೊಡುತ್ತಾನೆ?

ಇದರ ಮೂಲ ಕೆದಕಿದರೆ ಒಳ್ಳೆ ಕಥೆ ಇದೆ. ವಿಯೆನ್ನಾದಲ್ಲಿ ವೈದ್ಯನಾಗಿದ್ದ ಮೆಸ್ಮರ್ ಎಂಬಾತ ಪ್ಯಾರಿಸ್ಸಿಗೆ ಬಂದು, ತನ್ನ ಕೈಯಿಂದ ಒಂದು ಕಾಂತಶಕ್ತಿ ಹರಿದು ರೋಗ ವಾಸಿಯಾಗುತ್ತೆ ಅಂತ ಹೇಳಿ ದೊಡ್ಡ ಹೆಸರು, ದೊಡ್ಡ ದುಡ್ಡು ಎರಡನ್ನೂ ಮಾಡಿದ. 1784ರಲ್ಲಿ ಫ್ರಾನ್ಸಿನ ದೊರೆ ಇದನ್ನು ಪರೀಕ್ಷಿಸಲು ವಿದ್ವಾಂಸರ ಸಮಿತಿ ನೇಮಿಸಿದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರದ ಲಾವಾಸಿಯೆ ಅದರಲ್ಲಿದ್ದರು. ಫ್ರಾಂಕ್ಲಿನ್ನರ ತೋಟದಲ್ಲಿ ಒಂದು ಮರಕ್ಕೆ ಶಕ್ತಿ ತುಂಬಿದ್ದೇವೆ ಅಂದರು ಮೆಸ್ಮರನ ಕಡೆಯವರು. ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ಕರೆದುಕೊಂಡು ಹೋದರು. ಹುಡುಗ ಮೂರ್ಛೆ ಹೋದದ್ದೇನೋ ನಿಜ, ಆದರೆ ಬೇರೆ ಮರದ ಹತ್ತಿರ! ಶಕ್ತಿ ಮರದ್ದಲ್ಲ, ಹುಡುಗನ ಕಲ್ಪನೆಯದು ಅಂತ ಸಮಿತಿ ಬರೆಯಿತು. ಬಡವರ ದುಡ್ಡು ಹೋಗುವ ಜಾಗಕ್ಕೆ ಇಂಥದೊಂದು ಸಮಿತಿ ನಮ್ಮಲ್ಲೂ ಬರಬೇಕು ಅಂತ ನನ್ನ ಆಸೆ. ಇರಲಿ. ಕಾಂತದ ಮಾತನ್ನು ಬದಿಗಿಟ್ಟು, ಇದು ಮನಸ್ಸಿನ ಕೆಲಸ ಅಂತ ವಿವರಿಸಿ 1843ರಲ್ಲಿ ಪುಸ್ತಕ ಬರೆದವನು ಜೇಮ್ಸ್ ಬ್ರೇಡ್ ಎಂಬ ಸ್ಕಾಟ್ಲೆಂಡಿನ ಶಸ್ತ್ರವೈದ್ಯ. ಹಿಪ್ನಾಟಿಸಂ ಅನ್ನುವ ಹೆಸರು ನಡೆದುಬಂದದ್ದು ಆತನಿಂದ.

ನಮ್ಮ ದೇಶಕ್ಕೂ ಇದಕ್ಕೂ ಸಂಬಂಧವಿದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಕಂಪನಿ ಸರ್ಕಾರದ ಡಾಕ್ಟರು ಜೇಮ್ಸ್ ಎಸ್ಡೇಲ್, ಇನ್ನೂ ಅರಿವಳಿಕೆ ಮದ್ದು ಇಲ್ಲದ ಕಾಲದಲ್ಲಿ, ಖೈದಿಗಳಿಗೆ, ಬಡವರಿಗೆ ಗಂಟೆಗಟ್ಟಲೆ ಮೈಮೇಲೆ ಕೈಯಾಡಿಸಿ ಮಂಪರು ಬರಿಸಿ ಗಡ್ಡೆ ಕೊಯ್ದು ತೆಗೆದ. ಒಂದೆರಡು ವರ್ಷದಲ್ಲೇ ಈಥರ್, ಕ್ಲೋರೋಫಾರ್ಮ್ ಬಂದವು, ಇವನ ವಿಧಾನ ಮೂಲೆಗೆ ಬಿತ್ತು. ಆದರೂ ನೋವು, ಭಯ, ಗಾಬರಿ ಇವುಗಳನ್ನು ತಗ್ಗಿಸಲು ಸಮ್ಮೋಹನ ನೆರವಾಗುತ್ತೆ ಅಂತ ಇವತ್ತಿನ ವೈದ್ಯರೂ ಒಪ್ಪುತ್ತಾರೆ.

ಚಟ ಬಿಡಿಸುವ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಅಮೆರಿಕದ ಮನೋವೈದ್ಯ ಹರ್ಬರ್ಟ್ ಸ್ಪೀಗೆಲ್ 1970ರಲ್ಲಿ ಒಂದೇ ಸಲ ಕೂರಿಸಿ, ಆಮೇಲೆ ಮನೆಯಲ್ಲಿ ತಾನೇ ಅಭ್ಯಾಸ ಮಾಡಿಕೊಳ್ಳುವುದನ್ನು ಕಲಿಸಿ, ಸಿಗರೇಟು ಬಿಡಿಸಿದ ವಿವರ ಪ್ರಕಟಿಸಿದರು. ಆರು ತಿಂಗಳ ಮೇಲೆ ನೋಡಿದರೆ ಬಿಟ್ಟೇ ಇದ್ದವರು ಐವರಲ್ಲಿ ಒಬ್ಬರು. ಪ್ರಾಮಾಣಿಕ ವೈದ್ಯ ಕೊಟ್ಟ ಲೆಕ್ಕ ಇದು. 2019ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಧೂಮಪಾನದ ಬಗ್ಗೆ ಇಂಥ 14 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಬೇರೆ ರೀತಿಯ ಸಲಹೆ, ನೆರವುಗಳಿಗಿಂತ ಸಮ್ಮೋಹನ ಹೆಚ್ಚು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಬೀಡಿ ಬಿಡಬೇಕು ಅನ್ನುವವರು ಕಟ್ಟಿನ ಮೇಲೇ ಅಚ್ಚು ಹಾಕಿರುವ 1800-11-2356 ನಂಬರಿಗೆ ಫೋನು ಮಾಡಿ ಮಾತಾಡಬಹುದು. ಅದಕ್ಕೆ ಕಾಸಿಲ್ಲ.

ಬೀಡಿಗಿಂತ ಕುಡಿತದ್ದು ಇನ್ನೂ ಗಂಭೀರ, ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ವರ್ಷಗಟ್ಟಲೆ ದಿನಾ ಕುಡಿದವನ ಮೈಯೇ ಅದಕ್ಕೆ ಒಗ್ಗಿಹೋಗಿರುತ್ತೆ. ಅಂಥವನು ಯಾರದೋ ಮಾತು ಕೇಳಿ ಒಂದೇ ದಿನಕ್ಕೆ ನಿಲ್ಲಿಸಿದರೆ, ಒಂದೆರಡು ದಿನದಲ್ಲಿ ಕೈ ನಡುಗಿ, ಬೆವತು, ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಇಲ್ಲದ್ದು ಕಾಣುತ್ತೆ, ಯಾರೋ ಕರೆದಂತೆ ಕೇಳುತ್ತೆ, ಹೊತ್ತುಗೊತ್ತು ತಿಳಿಯದೆ ಒದರುತ್ತಾನೆ. ಮನೆಯವರು ಗಾಳಿ ಮೆಟ್ಟಿಕೊಂಡಿದೆ ಅಂತ ಮಂತ್ರವಾದಿ ಹತ್ತಿರ ಓಡುತ್ತಾರೆ. ಗಾಳಿಯಲ್ಲ, ಪ್ರಾಣ ತೆಗೆಯಬಲ್ಲ ಕಾಯಿಲೆ. ಆಸ್ಪತ್ರೆಯಲ್ಲಿಟ್ಟು ಔಷಧಿ, ಬಿ-1 ಜೀವಸತ್ವ ಕೊಟ್ಟು ನೋಡಿಕೊಳ್ಳಬೇಕಾದ್ದು. ದುಡ್ಡು ಎಣಿಸಿಕೊಂಡು "ವಾಸಿಯಾಯ್ತು, ಹೋಗಿ" ಅಂತ ಬಸ್ಸು ಹತ್ತಿಸುವವನಿಗೆ ಇದು ಗೊತ್ತಿಲ್ಲದಿದ್ದರೆ ಅವನು ಮೂರ್ಖ, ಗೊತ್ತಿದ್ದೂ ಕಳಿಸಿದರೆ ಕಟುಕ.

ಸಮ್ಮೋಹನವನ್ನು ಸರಿಯಾಗಿ ಬಳಸಿದವರೂ ಇದ್ದಾರೆ. ಕೇರಳದ ತಿರುವಲ್ಲದಲ್ಲಿ 1898ರಲ್ಲಿ ಹುಟ್ಟಿ, ಶ್ರೀಲಂಕಾದಲ್ಲಿ ಸಸ್ಯಶಾಸ್ತ್ರದ ಮೇಷ್ಟರಾಗಿದ್ದ ಅಬ್ರಹಾಂ ಕೋವೂರರು ದೆವ್ವ ಹಿಡಿದಿದೆ ಎಂದು ತಂದವರನ್ನು ಸಮ್ಮೋಹನದಲ್ಲಿ ಕೂರಿಸಿ, ಒಳಗಿನ ದುಃಖ ಏನೆಂದು ತಿಳಿದು, ಸಮಾಧಾನ ಮಾಡಿ ಕಳಿಸುತ್ತಿದ್ದರು. ಪವಾಡದ ಸೋಗು ಹಾಕಲಿಲ್ಲ. ಮನೋವೈದ್ಯರೇ ಚಿಕಿತ್ಸೆಯ ಜೊತೆಗೆ ಇದನ್ನೂ ಮಾಡುತ್ತೇವೆ ಅಂದರೆ ನಮ್ಮ ತಕರಾರಿಲ್ಲ. ಸಾಲ ಮಾಡಿಸಿ ಮಾರುವ ಗ್ಯಾರಂಟಿಗೆ ನಮ್ಮ ತಕರಾರು.

ಹಾಗಾದರೆ ಎಲ್ಲಿಗೆ ಹೋಗಬೇಕು? ಹಳ್ಳಿಯವರಿಗೂ ಮನಸ್ಸಿನ ಚಿಕಿತ್ಸೆ ಸಿಗಬೇಕು ಅಂತ ಬೆಂಗಳೂರಿನ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಮಾಡಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಮಾದಕ ವಸ್ತುಗಳಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ಬಡತನದ ರೇಖೆಯ ಕೆಳಗಿರುವವರಿಗೆ, ಕೈಯಲ್ಲಿ ಕಾರ್ಡು ಇರಲಿ ಇಲ್ಲದಿರಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಚಿಕಿತ್ಸೆ ಬಿಟ್ಟಿ ಸಿಗಬೇಕು ಅಂತ ಅದರಲ್ಲಿ ಬರೆದಿದೆ. ಇದು ಭಿಕ್ಷೆಯಲ್ಲ, ಹಕ್ಕು. ಡಾಕ್ಟರು ಬಾರದಿದ್ದರೆ, ಮಾತ್ರೆ ಇಲ್ಲ ಅಂದರೆ, ಗೊಬ್ಬರಕ್ಕೆ ಕೂತ ಹಾಗೆ ಅಲ್ಲೂ ಹೋಗಿ ಕೂರೋಣ.

ಕುಡಿತದ ಮಾತೆತ್ತಿದರೆ ಕೆಲವು ಸಂಗಾತಿಗಳು ಮುಖ ಗಂಟು ಹಾಕುತ್ತಾರೆ. ಕಾರಣ ನನಗೂ ಗೊತ್ತು. 2002ರಲ್ಲಿ ಡಾ. ವೀರೇಶ್ ಸಮಿತಿ ರೈತರ ಆತ್ಮಹತ್ಯೆಗೆ ಕುಡಿತವನ್ನು ದೊಡ್ಡ ಕಾರಣವಾಗಿ ಎತ್ತಿ ತೋರಿಸಿದಾಗ, ಬೆಲೆಯ ಮಾತು ಮರೆಸಲು ಇದೊಂದು ನೆವ ಅಂತ ನಾವೆಲ್ಲ ಸಿಟ್ಟಾದೆವು. ಆ ಸಿಟ್ಟು ನ್ಯಾಯವಾದದ್ದೇ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪೊಟ್ಟಣ ಬಂತು. ಅಬಕಾರಿ ಸುಂಕ ಮಾತ್ರ ಸರ್ಕಾರದ ಬೊಕ್ಕಸಕ್ಕೆ ಬೀಳುತ್ತಲೇ ಇದೆ. ನಮ್ಮ ಬೆಳೆಗೆ ಬೆಲೆ ಕಟ್ಟಲು ಬಾರದವರು ಬಾಟಲಿಗೆ ಮಾತ್ರ ಚೆನ್ನಾಗಿ ಬೆಲೆ ಕಟ್ಟುತ್ತಾರೆ. ಆದರೂ ನಾವು ಸುಮ್ಮನಿದ್ದರೆ, ಆ ಹೆಣ್ಣುಮಗಳು ಯಾರ ಹತ್ತಿರ ಹೋಗಬೇಕು? ಗೋಡೆ ಮೇಲಿನ ನಂಬರಿನ ಹತ್ತಿರವೇ ತಾನೆ?

ಅದಕ್ಕೇ ಗ್ರಾಮ ಘಟಕಗಳ ಮುಂದೆ ನನ್ನ ಸೂಚನೆ ಇಷ್ಟು. ಚಟ ಬಿಡಿಸಲು ಅಂತ ಯಾರಾದರೂ ಬಡ್ಡಿಗೆ ದುಡ್ಡು ಹುಡುಕುತ್ತಿದ್ದಾರೆ ಅಂತ ಕಿವಿಗೆ ಬಿದ್ದರೆ, ಘಟಕದ ಇಬ್ಬರು ಅವತ್ತೇ ಆ ಮನೆಗೆ ಹೋಗಿ. ಬೈಯಬೇಡಿ, ಉಪದೇಶ ಮಾಡಬೇಡಿ. ದಿನಾ ಕುಡಿಯುವವನಾದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡ ಅಂತ ಹೇಳಿ. ಮಂಗಳವಾರ ಬೆಳಗಿನ ಬಸ್ಸಿಗೆ ಒಬ್ಬರು ಜೊತೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ. ಆ ಪಕ್ಕದೂರಿನವನ ಜೊತೆ ಮೂರು ಮಂಗಳವಾರ ನಮ್ಮ ಕಾರ್ಯದರ್ಶಿ ಹೋಗಿ ಬಂದಿದ್ದಾನೆ. ನಾಲ್ಕನೆಯದಕ್ಕೆ ನಾನು ಹೋಗುತ್ತೇನೆ.